ಕೇಳಿ ಕಲಿತವನಿಗೆ ಜೊತೆ ಬೇಕು: ಜೋಯಿ ಅಲೆಕ್ಸಾಂಡರ್ ಬೆಳೆದ ಬಗೆ

(ಧಾರವಾಡದಲ್ಲಿ ಸಂಗೀತ ವಿದ್ಯಾರ್ಥಿಗಳು ಹಾಗೂ ಅವರ ಪಾಲಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಇಂಡೋನೇಷ್ಯಾದ ಬಾಲಿ ದ್ವೀಪದ ಡೆನ್‌ಪಸಾರ್ ನಗರದಲ್ಲಿ 2003ರ ಜೂನ್ 25ರಂದು ಹುಟ್ಟಿದ ಜೋಯಿ ಅಲೆಕ್ಸಾಂಡರ್ ಎಂಬ ಹುಡುಗ, ಹನ್ನೆರಡು ತುಂಬಿದ ವರ್ಷವೇ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯ ಎರಡು ಜಾಝ್ ವಿಭಾಗಗಳಲ್ಲಿ ನಾಮನಿರ್ದೇಶನ ಪಡೆದ. ಜಾಝ್ ಸಂಗೀತದ ಕೇಳ್ಮೆ ಅಷ್ಟಾಗಿ ಇಲ್ಲದ, ಖಯಾಲ್ ಗಾಯನದ ನೆಲೆಯೆಂದೇ ಹೆಸರಾದ ಈ ಊರಿನಲ್ಲಿ ಆ ಪಿಯಾನೊವಾದಕನ ಕುರಿತು ಮಾತನಾಡಲು ನಾನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಎಳೆಯ ವಯಸ್ಸಿನಲ್ಲಿ ಬೆರಗು ಹುಟ್ಟಿಸಿದ ಮಕ್ಕಳನ್ನು ನಮ್ಮ ಭಾಗ ಬೇಕಾದಷ್ಟು ಕಂಡಿದೆ. ಅಂಥವರಲ್ಲಿ ಯಾರು ಮುಂದೆ ದೊಡ್ಡ ಕಲಾವಿದರಾಗಿ ಉಳಿದರು, ಅವರು ಉಳಿಯಲು ಏನು ಒದಗಿಬಂತು ಎಂಬ ಪ್ರಶ್ನೆಯನ್ನು ಮಾತ್ರ ನಾವು ಸಾಕಷ್ಟು ಕೇಳಿಕೊಂಡಿಲ್ಲ. ಜೋಯಿಯ ಬದುಕು ತೀರಾ ಈಚಿನದು, ಪ್ರತಿ ಹಂತವೂ ಎಲ್ಲರೆದುರು ನಡೆದದ್ದು. ಹಾಗಾಗಿ ಈ ಪ್ರಶ್ನೆಯನ್ನು ಅಲ್ಲಿಂದ ಹಿಡಿದು ಬಿಡಿಸುವುದು ಸುಲಭ.

ನಾನು ಹೇಳಬೇಕಾದದ್ದು ಒಂದೇ. ಆ ಹುಡುಗನಿಗೆ ಸಂಗೀತ ಬಂದದ್ದು ರೆಕಾರ್ಡುಗಳಿಂದ. ಆದರೆ ಅವನು ಸಂಗೀತಗಾರನಾದದ್ದು, ತನಗಿಂತ ಹಿರಿಯರಾದ ವಾದಕರ ಜೊತೆಯಲ್ಲಿ ಕುಳಿತು ನುಡಿಸಿದ್ದರಿಂದ. ಅವನ ತಂದೆತಾಯಿ ಎರಡು ಸಲ ಊರು ಬಿಟ್ಟದ್ದು ಆ ಜೊತೆಗಾಗಿ.

ಜೋಯಿಯ ತಂದೆ ಡೆನ್ನಿ ಸಿಲಾ ಹವ್ಯಾಸಿ ಸಂಗೀತಗಾರ, ಜಾಝ್‌ನ ಕಟ್ಟಾ ಅಭಿಮಾನಿ. ಬಾಲಿಯಲ್ಲಿ ಆ ದಂಪತಿ ಪ್ರವಾಸಿಗರಿಗಾಗಿ ಒಂದು ವ್ಯವಹಾರ ನಡೆಸುತ್ತಿದ್ದರು. ಮನೆಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲಾದ ಹಳೆಯ ಮಹನೀಯರ ಆಲ್ಬಮ್‌ಗಳು ಸದಾ ಕೇಳಿಬರುತ್ತಿದ್ದವು. ಆರನೆಯ ವಯಸ್ಸಿನಲ್ಲಿ ತಂದೆ ಮಗನ ಕೈಗೆ ಒಂದು ಚಿಕ್ಕ ಎಲೆಕ್ಟ್ರಿಕ್ ಕೀಬೋರ್ಡ್ ಕೊಟ್ಟಾಗ, ಯಾರೂ ಹೇಳಿಕೊಡದೆಯೇ ಆ ಮಗು ಜಾಝ್ ಪಿಯಾನೊವಾದಕ ಥೆಲೋನಿಯಸ್ ಮಂಕ್ ಅವರ ಒಂದು ರಚನೆಯನ್ನು ಕಿವಿಯಿಂದಲೇ ಹುಡುಕಿ ನುಡಿಸಿತು. ಮಂಕ್ (1917–1982) ಅವರ ಸಂಗೀತ ಮಕ್ಕಳಿಗೆ ಹೇಳಿಮಾಡಿಸಿದ್ದಲ್ಲ. ಅವರ ಲಯ ತಡವರಿಸಿದಂತೆ ತೋರಿ ಸರಿಯಾದ ಜಾಗದಲ್ಲೇ ಬಂದು ಬೀಳುತ್ತದೆ. ಅವರ ಸ್ವರಗಳು ಒಂದಕ್ಕೊಂದು ತಾಗಿ ಕರ್ಕಶವೆನಿಸಿ, ಮರುಕ್ಷಣವೇ ಅದಲ್ಲದೆ ಬೇರೆ ಸ್ವರ ಅಲ್ಲಿ ಸಲ್ಲದು ಅನ್ನಿಸುತ್ತದೆ. ಅಂಥದನ್ನು ಆರು ವರ್ಷದ ಮಗು ಹಿಡಿದದ್ದು ನಿಜಕ್ಕೂ ಅಪರೂಪದ ಕಿವಿ.

ಅಪರೂಪದ ಕಿವಿ ಎಂದೊಡನೆ ಇಲ್ಲಿ ಕುಳಿತ ಹಿರಿಯರಿಗೆ ಕುಮಾರ ಗಂಧರ್ವರ ನೆನಪು ಬಂದಿರಬೇಕು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಎಂಬ ಮೂಲ ಹೆಸರಿನ ಅವರು, ಚಿಕ್ಕಂದಿನಲ್ಲೇ ದೊಡ್ಡ ಗವಾಯಿಗಳ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ, ಅವರ ದನಿ, ಹರಕತ್ತು, ಉಸಿರು ತೆಗೆದುಕೊಳ್ಳುವ ಜಾಗ ಸಮೇತ ಹಾಡಿ ತೋರಿಸುತ್ತಿದ್ದರೆಂಬುದು ನಮ್ಮ ಭಾಗದ ಮನೆಮಾತು. ಇನ್ನೊಂದು ಉದಾಹರಣೆ ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರದು. ಅಬ್ದುಲ್ ಕರೀಂ ಖಾನ್ ಸಾಹೇಬರ ರೆಕಾರ್ಡು ಅವರ ತಲೆಯಲ್ಲಿ ಹೊಕ್ಕು ಕುಳಿತಿತು. ಹಾಗೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕಿಕೊಂಡು ಆ ಹುಡುಗ 1933ರಲ್ಲಿ ಮನೆ ಬಿಟ್ಟು ಹೊರಟ. ಉತ್ತರ ಭಾರತದಲ್ಲೆಲ್ಲ ಅಲೆದು, ಕೊನೆಗೆ 1936ರ ಸುಮಾರಿಗೆ ಖಾನ್ ಸಾಹೇಬರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿ, ಇಲ್ಲೇ ಕುಂದಗೋಳದಲ್ಲಿ, ನೆಲೆ ನಿಂತ. ತಟ್ಟೆಯೊಂದು ಹುಡುಗನನ್ನು ಎಬ್ಬಿಸಬಲ್ಲದು, ಮನೆಯಿಂದ ಹೊರಗೂ ಹಾಕಬಲ್ಲದು. ಆದರೆ ಅವನು ತಪ್ಪಿದಾಗ ನಿಲ್ಲಿಸಿ ತಿದ್ದುವ ಶಕ್ತಿ ಅದಕ್ಕಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಪಾಠ ಹೇಳಿಸಿಕೊಂಡದ್ದೂ ಇದೇ ಕಾರಣಕ್ಕೆ.

ಜಾಝ್‌ನಲ್ಲಿ ಈ ಅಗತ್ಯ ಇನ್ನೂ ಒಂದು ಪಟ್ಟು ಹೆಚ್ಚು. ಏಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಫ್ರಿಕನ್ ಮೂಲದ ಅಮೆರಿಕನ್ನರು ನ್ಯೂ ಆರ್ಲಿಯನ್ಸ್ ನಗರದಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ರೂಪಿಸಿದ ಈ ಸಂಗೀತದಲ್ಲಿ ಒಂದು ಹಾಡಿನ ಧಾಟಿ ಇರುತ್ತದೆ. ಸಾಮಾನ್ಯವಾಗಿ 32 ಅಳತೆಗಳದ್ದು (ಅಳತೆ ಎಂದರೆ ಬಾರ್, ಲಯದ ಒಂದು ಖಂಡ), ಬ್ಲೂಸ್ ಎಂಬ ಬಗೆಯ ಹಾಡಾದರೆ 12 ಅಳತೆಗಳದ್ದು. ಧಾಟಿಯನ್ನು ಒಮ್ಮೆ ನುಡಿಸಿದ ಮೇಲೆ ಅದೇ ಸುತ್ತು ಮತ್ತೆ ಮತ್ತೆ ತಿರುಗುತ್ತದೆ, ನಮ್ಮ ತಾಳದ ಆವರ್ತನ ತಿರುಗುವ ಹಾಗೆಯೇ. ಆ ಸುತ್ತಿನೊಳಗೆ ಯಾವ ಜಾಗದಲ್ಲಿ ಯಾವ ಕಾರ್ಡ್, ಅಂದರೆ ಏಕಕಾಲಕ್ಕೆ ನುಡಿಯುವ ಯಾವ ಸ್ವರಗುಂಪು ಬರಬೇಕೆಂಬುದು ನಿಗದಿಯಾಗಿರುತ್ತದೆ. ಅದರ ಮೇಲೆ ಏನು ನುಡಿಸಬೇಕೆಂಬುದು ವಾದಕನ ಆ ಗಳಿಗೆಯ ವಿಚಾರ. ಇಲ್ಲಿಯವರೆಗೆ ನಮ್ಮ ಉಪಜಕ್ಕೂ, ಅಂದರೆ ಹಾಡುತ್ತಲೇ ಹೊಸದನ್ನು ಹುಟ್ಟಿಸುವುದಕ್ಕೂ, ಇದಕ್ಕೂ ಬಹಳ ಅಂತರವಿಲ್ಲ. ವ್ಯತ್ಯಾಸ ಬರುವುದು ಜೊತೆಗಾರರಲ್ಲಿ. ಖಯಾಲ್ ಗಾಯಕ ಒಂದು ರಾಗದ ಬಢತ್, ಅಂದರೆ ಹಂತಹಂತದ ವಿಸ್ತಾರ, ಮಾಡುವಾಗ ತಬಲಾದವರು ತಾಳದ ಠೇಕಾ ಹಿಡಿದು ನಡೆಸುತ್ತಾರೆ, ಹಾರ್ಮೋನಿಯಂನವರು ಹಿಂಬಾಲಿಸುತ್ತಾರೆ, ದಾರಿ ಗಾಯಕರದೇ. ಜಾಝ್ ತಂಡದಲ್ಲಿ ಬಾಸ್ ಎಂಬ ಮಂದ್ರಸ್ವರದ ತಂತಿವಾದ್ಯ ನುಡಿಸುವವನು ಮತ್ತು ಡ್ರಮ್ಸ್ ನುಡಿಸುವವನು ಇಬ್ಬರೂ ಅದೇ ಗಳಿಗೆಯಲ್ಲಿ ತಮ್ಮ ಪಾಲನ್ನು ಹೊಸದಾಗಿ ಹೆಣೆಯುತ್ತಿರುತ್ತಾರೆ. ಪಿಯಾನೊದವನು ಒಂದು ಕಾರ್ಡನ್ನು ಬದಲಿಸಿ ನುಡಿಸಿದರೆ ಬಾಸ್‌ನವನು ಅದನ್ನು ಕೇಳಿ ತನ್ನ ಮುಂದಿನ ಸ್ವರವನ್ನು ತಿರುಗಿಸುತ್ತಾನೆ. ಡ್ರಮ್ಸ್‌ನ ಒಂದು ಪೆಟ್ಟು ಪಿಯಾನೊದವನ ವಾಕ್ಯವನ್ನು ಅರ್ಧಕ್ಕೇ ಮುರಿದು ಬೇರೆ ಕಡೆ ಕೊಂಡೊಯ್ಯುತ್ತದೆ. ಮನೆಯಲ್ಲಿ ರೆಕಾರ್ಡಿನ ಜೊತೆ ಎಷ್ಟೇ ನುಡಿಸಿದರೂ ಈ ಕೊಡುಕೊಳ್ಳುವಿಕೆ ಬಾರದು, ಏಕೆಂದರೆ ರೆಕಾರ್ಡು ನಮ್ಮನ್ನು ಕೇಳಿಸಿಕೊಳ್ಳುವುದಿಲ್ಲ.

ಜೋಯಿಯ ತಂದೆತಾಯಿಗೆ ಇದು ಬೇಗ ತಿಳಿಯಿತು. ಬಾಲಿಯಲ್ಲಿ ಮಗನಿಗೆ ಸಿಗುತ್ತಿದ್ದ ಜೊತೆ ಸಾಲದೆಂದು ಅವರು ತಮ್ಮ ವ್ಯವಹಾರವನ್ನು ಬಿಟ್ಟು ಜಕಾರ್ತಾಕ್ಕೆ ಹೋದರು. ಇಂಡೋನೇಷ್ಯಾದಲ್ಲಿ ಜಾಝ್ ಹೊಸದೇನಲ್ಲ. ಬುಬಿ ಚೆನ್ ಅವರಂಥ ಪಿಯಾನೊವಾದಕರಿದ್ದ ಅಲ್ಲಿಯ ತಂಡವೊಂದು 1967ರಲ್ಲೇ ಬರ್ಲಿನ್ ಜಾಝ್ ಉತ್ಸವದಲ್ಲಿ ನುಡಿಸಿ ಬಂದಿತ್ತು. ಹೀಗಾಗಿ ರಾಜಧಾನಿಯಲ್ಲಿ ನುರಿತ ವಾದಕರು ಇದ್ದರು, ಹುಡುಗ ಅವರೊಡನೆ ಕುಳಿತು ನುಡಿಸಲು ಸಾಧ್ಯವಾಯಿತು. ನಮ್ಮಲ್ಲಿ ಪಾಲಕರು ಮಗುವಿನ ಪ್ರತಿಭೆಗಾಗಿ ಖರ್ಚು ಮಾಡುವುದನ್ನು ನಾನು ಕಂಡಿದ್ದೇನೆ: ಒಳ್ಳೆಯ ವಾದ್ಯ ಕೊಡಿಸುತ್ತಾರೆ, ಸ್ಪರ್ಧೆಗಳಿಗೆ ಕರೆದೊಯ್ಯುತ್ತಾರೆ, ಟಿವಿ ಕಾರ್ಯಕ್ರಮದ ಆಯ್ಕೆಗೆ ಸಾಲಿನಲ್ಲಿ ನಿಲ್ಲಿಸುತ್ತಾರೆ. ಮಗುವನ್ನು ಬಲ್ಲವರ ನಡುವೆ ಕೂರಿಸಿ, ಅಲ್ಲಿ ಅದು ಎಲ್ಲರಿಗಿಂತ ಕಿರಿಯದಾಗಿ, ಎಲ್ಲರಿಗಿಂತ ಕಡಿಮೆ ಬಲ್ಲದ್ದಾಗಿ ಇರಲು ಬಿಡುವವರು ಕಡಿಮೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ನೂರಾರು ಮಕ್ಕಳಿಗೆ ಕೊಟ್ಟದ್ದು ಇದನ್ನೇ. ಪಂಚಾಕ್ಷರಿ ಗವಾಯಿಗಳ ಕಾಲದಲ್ಲೂ, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳ ದೀರ್ಘ ಕಾಲದಲ್ಲೂ, ಅಲ್ಲಿ ಕಲಿಯಲು ಬಂದ ಅಂಧ ಮಗುವಿಗೆ, ಬಡ ಮಗುವಿಗೆ, ಅನ್ನ ಆಸರೆಗಳ ಜೊತೆಗೆ ಬೆಳಗಿನಿಂದ ರಾತ್ರಿಯವರೆಗೆ ಹಿರಿಯ ವಿದ್ಯಾರ್ಥಿಗಳ ಅಭ್ಯಾಸ ಕಿವಿಗೆ ಬೀಳುತ್ತಿತ್ತು. ಗಾಯಕ ಎಂ. ವೆಂಕಟೇಶಕುಮಾರರು ಅಲ್ಲಿ ಸುಮಾರು ಹನ್ನೆರಡು ವರ್ಷ ಇದ್ದು ಕಲಿತು ಬಂದವರು. ಹನ್ನೆರಡು ವರ್ಷ ಎಂಬುದನ್ನು ದಯವಿಟ್ಟು ಗಮನಿಸಿ.

ಇನ್ನು ಜೋಯಿಯನ್ನು ಗುರುತಿಸಿದವರ ವಿಚಾರ. ಅವನಿಗೆ ಎಂಟು ವರ್ಷವಿದ್ದಾಗ ಅಮೆರಿಕದ ಹೆಸರಾಂತ ಜಾಝ್ ಪಿಯಾನೊವಾದಕ ಹರ್ಬಿ ಹ್ಯಾನ್‌ಕಾಕ್ ಯುನೆಸ್ಕೋದ ಪರವಾಗಿ ಜಕಾರ್ತಾಕ್ಕೆ ಬಂದಿದ್ದರು. ಅವರ ಮುಂದೆ ಒಬ್ಬನೇ ಕುಳಿತು ನುಡಿಸುವ ಅವಕಾಶ ಹುಡುಗನಿಗೆ ಸಿಕ್ಕಿತು. ನಿನ್ನಲ್ಲಿ ನನಗೆ ನಂಬಿಕೆಯಿದೆ ಎಂದು ಹ್ಯಾನ್‌ಕಾಕ್ ಹೇಳಿದ್ದು, ತನ್ನ ಬಾಲ್ಯವನ್ನೆಲ್ಲ ಜಾಝ್‌ಗೇ ಕೊಡುವ ತೀರ್ಮಾನಕ್ಕೆ ಕಾರಣವಾಯಿತೆಂದು ಜೋಯಿ ಮುಂದೆ ಹೇಳಿಕೊಂಡಿದ್ದಾನೆ. ಹ್ಯಾನ್‌ಕಾಕ್ ಅವರೇ ಒಂದು ಕಾಲಕ್ಕೆ ಬಾಲಪ್ರತಿಭೆ: 1952ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಶಿಕಾಗೊ ಸಿಂಫನಿ ವಾದ್ಯವೃಂದದೊಡನೆ ಮೊಜಾರ್ಟ್‌ನ ಪಿಯಾನೊ ಕಂಚೆರ್ಟೊ ಒಂದರ ಭಾಗವನ್ನು ನುಡಿಸಿದವರು. ಮುಂದೆ ಜೋಯಿಯನ್ನು ನ್ಯೂಯಾರ್ಕಿಗೆ ಕರೆಸಿದ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಕೂಡ ಹದಿನಾಲ್ಕರ ಹರೆಯದಲ್ಲಿ ನ್ಯೂ ಆರ್ಲಿಯನ್ಸ್‌ನ ವಾದ್ಯವೃಂದದ ಜೊತೆ ಏಕವ್ಯಕ್ತಿ ವಾದಕನಾಗಿ ನಿಂತವರು, ಹದಿಹರೆಯ ಮುಗಿಯುವ ಹೊತ್ತಿಗೆ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿಯವರ ತಂಡ ಸೇರಿ ಅಲ್ಲಿ ಪಳಗಿದವರು. ತಾವು ಆ ದಾರಿಯಲ್ಲಿ ನಡೆದವರಿಗೆ, ಎದುರಿಗಿರುವ ಮಗುವಿನಲ್ಲಿ ಬರಿಯ ಚುರುಕು ಎಷ್ಟು, ಒಳಗಿನ ಸರಕು ಎಷ್ಟು ಎಂಬುದು ತಿಳಿಯುತ್ತದೆ. ಸಭಿಕರ ಚಪ್ಪಾಳೆಗೆ ಆ ವಿವೇಕ ಇರುವುದಿಲ್ಲ.

2013ರಲ್ಲಿ ಉಕ್ರೇನಿನ ಒಡೆಸಾದಲ್ಲಿ ನಡೆದ ಮಾಸ್ಟರ್-ಜ್ಯಾಮ್ ಎಂಬ ಜಾಝ್ ಸ್ಪರ್ಧೆಯಲ್ಲಿ 17 ದೇಶಗಳ 43 ಸಂಗೀತಗಾರರ ನಡುವೆ ಒಂಬತ್ತು ವರ್ಷದ ಜೋಯಿಗೆ ಅಗ್ರ ಬಹುಮಾನ ಬಂತು. ಆ ಸ್ಪರ್ಧೆ ಮಕ್ಕಳಿಗೆಂದು ನಡೆದದ್ದಲ್ಲ, ಎಲ್ಲ ವಯಸ್ಸಿನವರಿಗೂ ಒಂದೇ. ನಂತರ ಯೂಟ್ಯೂಬ್‌ನಲ್ಲಿದ್ದ ಅವನ ವಾದನದ ತುಣುಕು ಮಾರ್ಸಾಲಿಸ್ ಅವರ ಗಮನಕ್ಕೆ ಬಂತು. ಅವರು ಕಲಾನಿರ್ದೇಶಕರಾಗಿರುವ ನ್ಯೂಯಾರ್ಕಿನ ಜಾಝ್ ಅಟ್ ಲಿಂಕನ್ ಸೆಂಟರ್ ಸಂಸ್ಥೆಯ ವಿಶೇಷ ಕಾರ್ಯಕ್ರಮಕ್ಕೆ 2014ರ ಮೇ ತಿಂಗಳಲ್ಲಿ ಹುಡುಗನನ್ನು ಕರೆಸಿದರು. ಹತ್ತು ವರ್ಷದ ಬಾಲಕ ಅಲ್ಲಿ ಮಂಕ್ ಅವರ 'ರೌಂಡ್ ಮಿಡ್‌ನೈಟ್' ಎಂಬ ರಚನೆಯನ್ನು ಒಬ್ಬನೇ ನುಡಿಸಿದ. ಸಭೆ ಎದ್ದು ನಿಂತಿತು. ಆ ರಚನೆ ನಿಧಾನಗತಿಯದು. ವೇಗದ ತಾನಗಳಿಂದ ಬೆರಗುಗೊಳಿಸುವುದು ಒಂದು ಮಾತು. ವಿಲಂಬಿತದಲ್ಲಿ, ಸ್ವರ ಸ್ವರದ ನಡುವೆ ಬಿಡುವು ಕೊಟ್ಟು, ಆ ಬಿಡುವಿನಲ್ಲೂ ಕೇಳುಗರನ್ನು ಹಿಡಿದಿಡುವುದು ಬೇರೆಯೇ ಮಾತು ಎಂಬುದನ್ನು ಕಿರಾನಾ ಘರಾನೆಯ ಆಲಾಪಿ ಕೇಳಿ ಬೆಳೆದ ನಿಮಗೆ ನಾನು ಹೇಳಬೇಕಿಲ್ಲ. ಅದೇ ವರ್ಷ ಆ ಸಂಸ್ಥೆಯ ಸಹಾಯದಿಂದ, ಅಸಾಧಾರಣ ಸಾಮರ್ಥ್ಯವುಳ್ಳವರಿಗೆ ಅಮೆರಿಕ ಕೊಡುವ ವೀಸಾ ಪಡೆದು ಕುಟುಂಬ ನ್ಯೂಯಾರ್ಕಿಗೆ ಬಂದು ನೆಲೆಸಿತು. ಇದು ಎರಡನೆಯ ಊರು ಬಿಡುವಿಕೆ.

2015ರ ಮೇ ತಿಂಗಳಲ್ಲಿ, ಹುಡುಗನಿಗೆ ಇನ್ನೂ ಹನ್ನೊಂದೇ ವರ್ಷವಿರುವಾಗ, ಅವನ ಮೊದಲ ಆಲ್ಬಮ್ 'ಮೈ ಫೇವರಿಟ್ ಥಿಂಗ್ಸ್' ಬಂತು. ಅದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 174ನೆಯ ಸ್ಥಾನಕ್ಕೆ ಏರಿತು. ಇಂಡೋನೇಷ್ಯಾದ ಕಲಾವಿದನೊಬ್ಬ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. ಅದೇ ಬೇಸಿಗೆಯಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಅವನ ಕಛೇರಿ ನಡೆಯಿತು. 2016ರ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಾರಂಭದ ವೇದಿಕೆಯಲ್ಲಿ ನುಡಿಸಿದ. ಪ್ರಶಸ್ತಿ ಮಾತ್ರ ಬರಲಿಲ್ಲ. ಉತ್ತಮ ಜಾಝ್ ವಾದ್ಯ ಆಲ್ಬಮ್‌ನ ಗೌರವ ಜಾನ್ ಸ್ಕೋಫೀಲ್ಡ್ ಅವರಿಗೂ, ಉತ್ತಮ ಏಕವಾದನದ, ಅಂದರೆ ತಂಡದ ನಡುವೆ ಒಬ್ಬ ವಾದಕ ತನ್ನ ಸರದಿಯಲ್ಲಿ ಆ ಗಳಿಗೆಗೆ ಹೆಣೆದು ನುಡಿಸುವ ಭಾಗದ, ಗೌರವ ಕ್ರಿಶ್ಚಿಯನ್ ಮ್ಯಾಕ್‌ಬ್ರೈಡ್ ಅವರಿಗೂ ಸಂದಿತು. ಮರುವರ್ಷ ಏಕವಾದನಕ್ಕೆ ಮತ್ತೊಂದು ನಾಮನಿರ್ದೇಶನ ಬಂದು, ಆಗಲೂ ಸ್ಕೋಫೀಲ್ಡ್ ಗೆದ್ದರು. ಇವುಗಳಲ್ಲಿ ಸೋಲು ಎಂದು ಕೊರಗುವಂಥದ್ದೇನೂ ನನಗೆ ಕಾಣುವುದಿಲ್ಲ. ನಾಲ್ಕೈದು ದಶಕ ನುಡಿಸಿದವರ ಪಕ್ಕದಲ್ಲಿ ಹೆಸರು ಬಂದದ್ದೇ ದೊಡ್ಡದು.

ನಾಮನಿರ್ದೇಶನಕ್ಕೆ ಕಾರಣವಾದ ಆ ಏಕವಾದನ ಯಾವುದು ಎಂಬುದನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಆಲ್ಬಮ್‌ನ ಮೊದಲ ರಚನೆ, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಜೈಂಟ್ ಸ್ಟೆಪ್ಸ್'. ಕೋಲ್ಟ್ರೇನ್ ಅದನ್ನು 1959ರಲ್ಲಿ ಧ್ವನಿಮುದ್ರಿಸಿದರು. ಅದರಲ್ಲಿ ಇರುವುದು 16 ಅಳತೆಗಳು, ಅಷ್ಟರಲ್ಲಿ ಬದಲಾಗುವ ಕಾರ್ಡ್‌ಗಳು 26. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ ಒಮ್ಮೆ ನಿಂತಿತೆಂದರೆ ಕಛೇರಿ ಮುಗಿಯುವವರೆಗೂ ಅದೇ. ಈ ರಚನೆಯಲ್ಲಿ ಷಡ್ಜವೇ ನಿಲ್ಲುವುದಿಲ್ಲ. ಸಪ್ತಕವನ್ನು ಮೂರು ಸಮಪಾಲು ಮಾಡಿದರೆ ಸಿಗುವ ಮೂರು ಸ್ಥಾನಗಳು, ನಮ್ಮ ಲೆಕ್ಕಕ್ಕೆ ಷಡ್ಜ, ಶುದ್ಧ ಗಾಂಧಾರ ಮತ್ತು ಕೋಮಲ ಧೈವತ, ಒಂದರ ನಂತರ ಒಂದು ತಾವೇ ಷಡ್ಜವಾಗುತ್ತವೆ; ಅದೂ ಅತಿ ದ್ರುತದಲ್ಲಿ. ಒಂದು ಷಡ್ಜಕ್ಕೆ ಮನಸ್ಸು ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಮೂಲ ಧ್ವನಿಮುದ್ರಣದಲ್ಲಿ ಪಿಯಾನೊ ನುಡಿಸಿದ ಟಾಮಿ ಫ್ಲಾನಗನ್ ಆ ಕಾಲದ ಶ್ರೇಷ್ಠರಲ್ಲಿ ಒಬ್ಬರು. ಅವರ ಸರದಿ ಬಂದಾಗ ಅವರು ತಡೆತಡೆದು ಹೋಗುವುದು ಇಂದಿಗೂ ಕೇಳಿಸುತ್ತದೆ. ಅವರು ಎರಡು ದಶಕಗಳ ಮೇಲೆ ಆ ರಚನೆಗೆ ಮರಳಿ, ತಮ್ಮದೇ ತಂಡದೊಡನೆ ಅದನ್ನು ನಿರಾಯಾಸವಾಗಿ ನುಡಿಸಿ ಮುದ್ರಿಸಿದರು. ಅಂಥ ರಚನೆಯಿಂದ ಹನ್ನೊಂದರ ಹುಡುಗ ತನ್ನ ಮೊದಲ ಆಲ್ಬಮ್ ಆರಂಭಿಸಿ, ಸುಮಾರು ಹತ್ತು ನಿಮಿಷ ಅದನ್ನು ಬೆಳೆಸಿದ್ದಾನೆ.

ಆಲ್ಬಮ್‌ಗೆ ಹೆಸರು ಕೊಟ್ಟ ಹಾಡಿಗೂ ಕೋಲ್ಟ್ರೇನ್ ನಂಟಿದೆ, ಆದರೆ ಅದರ ಸ್ವಭಾವ ಇದಕ್ಕೆ ತದ್ವಿರುದ್ಧ. 1959ರ ಬ್ರಾಡ್‌ವೇ ಸಂಗೀತ ನಾಟಕವೊಂದರ ಆ ಹಾಡನ್ನು ಕೋಲ್ಟ್ರೇನ್ 1960ರಲ್ಲಿ ಎತ್ತಿಕೊಂಡು, ಒಂದೇ ಆಧಾರಸ್ವರದ ಮೇಲೆ ದೀರ್ಘವಾಗಿ ನಿಂತು ವಿಸ್ತರಿಸಿದರು. ಆ ಹೊತ್ತಿಗೆ ಅವರಿಗೆ ಭಾರತೀಯ ಸಂಗೀತದತ್ತ ಆಸಕ್ತಿ ಬೆಳೆಯುತ್ತಿತ್ತು; 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ಗೌರವಾರ್ಥ ರವಿ ಎಂದು ಹೆಸರಿಟ್ಟರು. ನಮ್ಮ ವಿದ್ಯಾರ್ಥಿಗಳು ಜಾಝ್‌ನ ಒಳಹೋಗಲು ಇದು ಸುಲಭದ ಬಾಗಿಲು.

ಈಗ ಒಂದು ಕಠಿಣ ಮಾತು. ಜೋಯಿಗೆ ಹೆಸರು ಬಂದ ಕಾಲದಲ್ಲೇ, ಇದು ನಿಜವಾದ ಸಂಗೀತವೋ ಅಥವಾ ವಯಸ್ಸಿನ ಕಾರಣಕ್ಕೆ ಹುಟ್ಟಿದ ಬೆರಗೋ ಎಂಬ ಚರ್ಚೆಯೂ ನಡೆಯಿತು. ಆ ಸಂಶಯವನ್ನು ಅಸೂಯೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಗು ನುಡಿಸುತ್ತಿದೆ ಎಂಬುದನ್ನು ಮರೆತು ಕೇಳುವುದು ಯಾರಿಗೂ ಕಷ್ಟ; ಹಾಗೆ ಕೇಳಿದಾಗಲೂ ಉಳಿಯುವುದು ಎಷ್ಟು ಎಂಬುದೇ ವಿಮರ್ಶೆ. ಕುಮಾರ ಗಂಧರ್ವರ ವಿಷಯದಲ್ಲೂ ಇದೇ ಪ್ರಶ್ನೆ ಇತ್ತು. ಮೂವತ್ತರ ದಶಕದ ನಡುವಿನಲ್ಲಿ ಮುಂಬೈಯ ಸಭೆಯಲ್ಲಿ ಹಾಡಿ ಎಲ್ಲರನ್ನೂ ಬೆರಗುಗೊಳಿಸಿದ ಬಾಲಕ, ಪ್ರೊ. ಬಿ. ಆರ್. ದೇವಧರರ ಬಳಿ ಕಲಿಯಲು ಕುಳಿತ ಮೇಲೆ, ಪರರ ಗಾಯನವನ್ನು ಒಪ್ಪಿಸುವುದರಿಂದ ತನ್ನ ಗಾಯನಕ್ಕೆ ಬರಬೇಕಾಯಿತು. ಆಮೇಲೆ ಕ್ಷಯ ತಗುಲಿ ದೇವಾಸಕ್ಕೆ ಹೋಗಿ, ವರ್ಷಗಟ್ಟಲೆ ಹಾಡದೆ ಹಾಸಿಗೆ ಹಿಡಿದು, ಮಾಳವದ ಜಾನಪದ ಧಾಟಿಗಳನ್ನು ಕೇಳುತ್ತ ಮಲಗಿದ್ದವರು ಎದ್ದು ಬಂದಾಗ ಅವರ ಸಂಗೀತ ಯಾರ ತಟ್ಟೆಯಲ್ಲೂ ಇಲ್ಲದ್ದಾಗಿತ್ತು. ಬಾಲಪ್ರತಿಭೆಯ ಹೊರೆಯಿಂದ ಇಷ್ಟು ಪೂರ್ಣವಾಗಿ ಹೊರಬಂದ ಇನ್ನೊಬ್ಬರು ನಮ್ಮ ಸಂಗೀತದಲ್ಲಿ ನನಗೆ ಕಾಣುವುದಿಲ್ಲ.

ಜೋಯಿಯ ಹಾದಿ ಇಷ್ಟು ಕಠೋರವಲ್ಲ. ಆದರೂ ಅವನ ಆಲ್ಬಮ್‌ಗಳನ್ನು ಸಾಲಾಗಿ ಕೇಳಿದರೆ ಒಂದು ನಡೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಮೊದಲ ಆಲ್ಬಮ್‌ನಲ್ಲಿ ಅವನದೇ ರಚನೆ ಒಂದು. 2016ರ 'ಕೌಂಟ್‌ಡೌನ್'ನಲ್ಲಿ ಮೂರು. 2017ರಲ್ಲಿ ಮಂಕ್ ಜನ್ಮಶತಮಾನೋತ್ಸವದ ಸಂದರ್ಭಕ್ಕೆ ಅವರ ರಚನೆಗಳನ್ನೇ ವೇದಿಕೆಯಲ್ಲಿ ನುಡಿಸಿ ಹೊರತಂದ. 2018ರ 'ಎಕ್ಲಿಪ್ಸ್'ನಲ್ಲಿ ಸ್ಯಾಕ್ಸೊಫೋನ್ ವಾದಕ ಜೋಶುವಾ ರೆಡ್‌ಮನ್ ಜೊತೆಗೂಡಿದರು. 2020ರ 'ವರ್ನಾ'ದಲ್ಲಿ ಹೆಚ್ಚಿನವು ಸ್ವಂತ ರಚನೆಗಳು. 2022ರ 'ಒರಿಜಿನ್'ನಲ್ಲಿ ಎಲ್ಲವೂ. ಹದಿನೆಂಟು ಹತ್ತೊಂಬತ್ತರ ಹೊತ್ತಿಗೆ ಅವನು ತನ್ನ ಸಂಗೀತವನ್ನು ತಾನೇ ಬರೆಯುವವನಾದ. ಮೊದಲ ಆಲ್ಬಮ್‌ನ ವಾದನದಲ್ಲಿ, ಸಿಕ್ಕ ಜಾಗವನ್ನೆಲ್ಲ ತುಂಬಿಬಿಡುವ ಬಾಲ್ಯದ ಆತುರ ಅಲ್ಲಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ. ಈಚಿನವುಗಳಲ್ಲಿ ಅವನು ಬಾಸ್‌ಗೂ ಡ್ರಮ್ಸ್‌ಗೂ ಬಿಟ್ಟುಕೊಡುವ ಎಡೆ ದೊಡ್ಡದಾಗಿದೆ. ಆ ಬಿಟ್ಟುಕೊಡುವುದು ಜೊತೆಯಲ್ಲಿ ನುಡಿಸಿ ಕಲಿತದ್ದು. ಮೊದಲ ಆಲ್ಬಮ್‌ನಲ್ಲೇ ಅವನ ಪಕ್ಕದಲ್ಲಿ ಬಾಸ್ ಹಿಡಿದು ನಿಂತ ಲ್ಯಾರಿ ಗ್ರೆನಡಿಯರ್, ಹುಡುಗ ಹುಟ್ಟುವ ಮೊದಲೇ ಪಿಯಾನೊವಾದಕ ಬ್ರ್ಯಾಡ್ ಮೆಲ್ಡಾವ್ ಅವರ ತಂಡದಲ್ಲಿ ವರ್ಷಗಟ್ಟಲೆ ನುಡಿಸಿದ್ದವರು.

ಉಪನ್ಯಾಸ ಮುಗಿದ ಮೇಲೆ ಹಾರ್ಮೋನಿಯಂ ಕಲಿಯುತ್ತಿರುವ ಒಬ್ಬ ವಿದ್ಯಾರ್ಥಿನಿ, ಇದನ್ನು ಯಾವುದರಿಂದ ಕೇಳಲು ತೊಡಗಬೇಕೆಂದು ವಿಚಾರಿಸಿದಳು. ಅವಳಿಗೆ ಕೊಟ್ಟ ಉತ್ತರವನ್ನು ಇಲ್ಲಿಯೂ ಬರೆಯುತ್ತೇನೆ. ಮೊದಲು ಕೋಲ್ಟ್ರೇನ್ ಅವರ 'ಮೈ ಫೇವರಿಟ್ ಥಿಂಗ್ಸ್' ಕೇಳಿ. ಅಲ್ಲಿ ಆಧಾರಸ್ವರ ನಿಂತಿರುವುದರಿಂದ ನಮ್ಮ ಕಿವಿಗೆ ಹಿಡಿತ ಸಿಗುತ್ತದೆ. ಆಮೇಲೆ ಅದೇ ಹಾಡನ್ನು ಜೋಯಿಯ ಕೈಯಲ್ಲಿ ಕೇಳಿ. ನಂತರ 'ಜೈಂಟ್ ಸ್ಟೆಪ್ಸ್' ಎರಡನ್ನೂ, 1959ರದು ಮೊದಲು. ಹಾಗೆ ಕೇಳುವಾಗ ಒಂದು ಸಲ ಪಿಯಾನೊವನ್ನು ಪೂರ್ತಿ ಬಿಟ್ಟು ಬಾಸ್ ಒಂದನ್ನೇ ಹಿಂಬಾಲಿಸಿ; ಷಡ್ಜ ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನು ಮೊದಲು ಹೇಳುವುದು ಅದು. ಹಾರ್ಮೋನಿಯಂ ಎದುರಿಗಿದ್ದರೆ ಆ ಮೂರು ಷಡ್ಜಗಳನ್ನು ಬೆರಳಿನಲ್ಲಿ ಹಿಡಿದು ನೋಡಬಹುದು, ಮೊದಲು ಬಹಳ ನಿಧಾನವಾಗಿ, ಸಾಧ್ಯವಾದರೆ ತಬಲಾ ಬಾರಿಸುವ ಗೆಳತಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು.